ಗೋದಾಮಿನಿಂದ ಬಂದ ದನಿ

ಒಂದು ಪುಟ್ಟ ದೇಶದ ಸರ್ಕಾರ ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರಿ ಸಂಭ್ರಮದಿಂದ ಸಹಿ ಹಾಕಿತು. ಅದರ ಪ್ರಕಾರ ಹೊರದೇಶದ ಸಮಿತಿ ಯಾವ ಜೈಲನ್ನಾದರೂ ಬಂದು ನೋಡಬಹುದು. ಸಮಿತಿ ನಿಜವಾಗಿಯೂ ಬಂದೇಬಿಟ್ಟಿತು!

ಜೈಲರ್ ರುದ್ರಮೂರ್ತಿ ಗಾಬರಿಬಿದ್ದ. ಸಂಘ ಕಟ್ಟಿದ ತಪ್ಪಿಗೆ ವಿಚಾರಣೆಯಿಲ್ಲದೆ ಕೂಡಿಹಾಕಿದ್ದ ನೇಕಾರರನ್ನು ಹಿತ್ತಲಿನ ಗೋದಾಮಿಗೆ ತಳ್ಳಿ ಬೀಗ ಜಡಿದ. ಅಡುಗೆಯ ಚಂಪಕ್ಕನನ್ನು ಕರೆದು, "ಸಮಿತಿಯವರ ಮುಂದೆ ತುಟಿ ಬಿಚ್ಚಿದೆಯೋ, ನೀನೂ ಅಲ್ಲೇ ಒಳಗೆ!" ಎಂದು ಗದರಿದ.

"ಆಯ್ತು ಸಾಮಿ, ಒಂದು ಮಾತೂ ಆಡಲ್ಲ."

ಮಧ್ಯಾಹ್ನ ಸಮಿತಿಯವರು ಹಿತ್ತಲಿಗೆ ಬಂದರು. "ಆ ಬಾಗಿಲೊಳಗೆ ಏನಿದೆ?" ಎಂದು ಸಮಿತಿಯ ಹಿರಿಯಮ್ಮ ಕೇಳಿದರು.

"ಈರುಳ್ಳಿ ಮೂಟೆ, ಮೇಡಂ," ಎಂದ ಜೈಲರ್.

ಅಷ್ಟರಲ್ಲಿ ಚಂಪಕ್ಕ ಅನ್ನದ ಕೊಳಗ ಹೊತ್ತು ಬಂದಳು. ಯಾರನ್ನೂ ನೋಡದೆ ನೇರ ಗೋದಾಮಿನ ಬಾಗಿಲಿಗೆ ಹೋಗಿ, ದಿನಾ ಊಟಕ್ಕೆ ಕರೆಯುವ ಹಾಗೆ ಸೌಟಿನಿಂದ ಕೊಳಗವನ್ನು ಠಣಠಣ ಬಡಿದಳು.

"ಬಂದ್ವಿ ಅಕ್ಕಾ!" ಒಳಗಿನಿಂದ ದನಿಗಳೆದ್ದವು.

ಜೈಲರನ ಮುಖ ಕಪ್ಪಿಟ್ಟಿತು. ಹಿರಿಯಮ್ಮ ಅವನತ್ತ ತಿರುಗಿ, "ನಿಮ್ಮ ಈರುಳ್ಳಿಗೆ ಹಸಿವಾಗಿದೆ. ಬೀಗ ತೆಗೆಯಿರಿ," ಎಂದರು.

ಬಾಗಿಲು ತೆರೆಯಿತು. ಒಬ್ಬರ ಹೆಗಲು ಒಬ್ಬರು ಹಿಡಿದು, ಬಿಸಿಲಿಗೆ ಕಣ್ಣು ಕಿರಿದಾಗಿಸುತ್ತ ನೇಕಾರರು ಹೊರಬಂದರು. ಕಾವಲಿನವರು ತಮಗರಿವಿಲ್ಲದೆಯೇ ಟೋಪಿ ತೆಗೆದಿದ್ದರು. ಎಲ್ಲೋ ದೂರದ ಸಭೆಯಲ್ಲಿ ಬರೆದ ಮಾತು ಒಂದು ಸೌಟಿನ ಸದ್ದಿಗೆ ನಿಜವಾದದ್ದನ್ನು ಎಲ್ಲರೂ ಬೆರಗಾಗಿ ನೋಡುತ್ತ ನಿಂತರು.

ಚಂಪಕ್ಕ ಮಾತ್ರ ನಿಲ್ಲಲಿಲ್ಲ. ಅನ್ನ ಆರುತ್ತಿತ್ತು, ಬಡಿಸತೊಡಗಿದಳು.