ತಮ್ಮ ಚಾಚಿದ ಕೈ

"ಸರ್, ಗೆಳತಿಯ ಸಹಾಯ ತೆಗೆದುಕೊಳ್ಳುವುದು ತಪ್ಪೇ?" ಎಂದು ನೀಲಗಂಗಾ ಕೇಳಿದಳು.

ಕಾಲೇಜಿನಲ್ಲಿ ಕ್ಯಾಲ್ಕುಲಸ್ ಕಲಿಸುವ ಚೆನ್ನವೀರಪ್ಪನವರ ಮುಂದೆ ಅವಳ ನೋಟ್‌ಬುಕ್ಕು ತೆರೆದಿತ್ತು. ಮನೆಗೆ ಕೊಟ್ಟ ಲೆಕ್ಕಗಳು ಹನ್ನೆರಡು, ಹನ್ನೆರಡೂ ಸರಿ. ಅದರಲ್ಲೇ ಒಂದನ್ನು ಬೋರ್ಡಿನ ಮೇಲೆ ಮಾಡು ಎಂದಾಗ ಅವಳ ಕೈ ಎರಡನೆಯ ಸಾಲಿಗೇ ನಿಂತುಬಿಟ್ಟಿತ್ತು. ಪರೀಕ್ಷೆಗೆ ಉಳಿದದ್ದು ಹತ್ತು ದಿನ. ಫೇಲಾದರೆ ಮನೆಯವರು ಓದು ಬಿಡಿಸುತ್ತಾರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

"ಕೂತುಕೋ ತಾಯಿ. ಬೈಯುವುದಿದ್ದರೆ ಆಗಲೇ ಬೈಯುತ್ತಿದ್ದೆ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಘಟ್ಟ ಇಳಿದು ಕಡಲ ಕಡೆಗೆ ಹೋಗುವ ವರ್ತಕರ ತಂಡಕ್ಕೆ ಮುಂದಾಳಾಗಬೇಕೆಂದು ಅವನಿಗೆ ಆಸೆ. ಮುಂದಾಳಾಗುವವನು ಮೊದಲು ವೈದ್ಯನಿಗೆ ನಾಡಿ ತೋರಿಸಬೇಕು, ಅದು ಅಲ್ಲಿನ ಕಟ್ಟಳೆ. ವೈದ್ಯನಿಗೆ ವಯಸ್ಸಾಗಿ ಕಣ್ಣು ಹೋಗಿತ್ತು. ಬೆರಳು ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಈ ಮಹಾರಾಯನಿಗೋ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ನಾಚಿಕೆ ಎಂಥ ಜಾಣನನ್ನೂ ದಡ್ಡನನ್ನಾಗಿ ಮಾಡುತ್ತದೆ, ನೋಡು.

ಅವನಿಗೊಬ್ಬ ತಮ್ಮ. ಅಣ್ಣನೆಂದರೆ ಪ್ರಾಣ. ಇಬ್ಬರೂ ವೈದ್ಯನ ಮನೆಗೆ ಹೋದರು. ಮಾತಾಡಿದ್ದು ಅಣ್ಣ, ಕೈ ಚಾಚಿದ್ದು ತಮ್ಮ. ವೈದ್ಯ ನಾಡಿ ಹಿಡಿದು ನೋಡಿ, ಕಬ್ಬಿಣದಂಥ ಜೀವ, ಸುಖವಾಗಿ ಹೋಗಿ ಬಾ ಎಂದು ಹರಸಿದ. ಅಣ್ಣ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಹೇಳುತ್ತ ಹೇಳುತ್ತ, ತನಗೆ ರೋಗವೇ ಇಲ್ಲ ಎಂದು ಅವನಿಗೇ ಅನ್ನಿಸಿಬಿಟ್ಟಿತು.

ಘಟ್ಟ ಇಳಿಯುವಾಗ ಏನೂ ಆಗಲಿಲ್ಲ. ಮೂರು ತಿಂಗಳ ಬಳಿಕ ಹತ್ತಿ ಬರುವಾಗ ಅರ್ಧ ದಾರಿಯಲ್ಲಿ ಕುಸಿದ. ಡೋಲಿಯಲ್ಲಿ ಹೊತ್ತು ತಂದು ವೈದ್ಯನ ಮುಂದೆ ಮಲಗಿಸಿದರು. ವೈದ್ಯ ಕೈ ಹಿಡಿದವನು ಬಹಳ ಹೊತ್ತು ಬಿಡಲಿಲ್ಲ.

"ಈ ಕೈ ನನ್ನ ಹತ್ತಿರ ಬಂದೇ ಇಲ್ಲ. ಅಂದೇ ಬಂದಿದ್ದರೆ ಇದಕ್ಕೆ ನನ್ನಲ್ಲಿ ಔಷಧ ಇತ್ತು" ಎಂದ.

ತಮ್ಮ ವೈದ್ಯನ ಕಾಲು ಹಿಡಿದು ಅತ್ತ. ಅಣ್ಣನ ಮರ್ಯಾದೆ ಉಳಿಯಲಿ ಎಂದು ತಾನೇ ಕೈ ಚಾಚಿದ್ದಾಗಿಯೂ, ಅದನ್ನೇ ಸಹಾಯ ಎಂದುಕೊಂಡದ್ದಾಗಿಯೂ ಹೇಳಿದ.

"ಅಣ್ಣನ ಕೈ ಹಿಡಿದು ಕರೆತಂದಿದ್ದರೆ ಅದು ಸಹಾಯ. ನೀನು ಕೈ ಕೊಟ್ಟೆಯಲ್ಲಪ್ಪ" ಎಂದ ವೈದ್ಯ.

ಸಂಜೆಯೊಳಗೆ ವ್ಯಾಪಾರಿ ತೀರಿಕೊಂಡ.

ಕತೆ ಮುಗಿದ ಮೇಲೆ ನೀಲಗಂಗಾ ತಲೆ ತಗ್ಗಿಸಿಯೇ ಮಾತಾಡಿದಳು. ಮೂರನೆಯ ವಾರದಿಂದ ನನಗೆ ಪಾಠ ಹತ್ತುತ್ತಿಲ್ಲ, ಕೇಳಲು ಬಂದರೆ ಇಷ್ಟೂ ಗೊತ್ತಿಲ್ಲವೇ ಎಂದುಬಿಟ್ಟೀರೆಂದು ಹೆದರಿಕೆಯಾಯಿತು ಎಂದಳು. ಗೆಳತಿ ಬಿಡಿಸಿಕೊಟ್ಟ ಎಲ್ಲ ಲೆಕ್ಕಕ್ಕೂ ನೀವೇ ಸರಿ ಗುರುತು ಹಾಕಿದಾಗ, ಹೇಗೋ ನಡೆಯುತ್ತದೆ ಎಂದು ನನಗೂ ಅನ್ನಿಸಿತ್ತು ಎಂದಳು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾವು ಹಾಕಿದ ಕೆಂಪು ಗುರುತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟುಕೊಂಡು ಹೋದರು. ಹನ್ನೆರಡನೆಯದಕ್ಕೆ ಬಂದು ನಿಂತರು.

"ನಾನೂ ಕುರುಡನೇ ತಾಯಿ, ಇಷ್ಟು ದಿನ ನಾನು ಹಿಡಿದು ನೋಡಿದ್ದು ಯಾರ ನಾಡಿ?"