ಕಿಂಡಿಗೌರಿಗೆ ನೀಲವ್ವ ನಡೆದುಕೊಂಡ ಕಥೆ

ದೀಪ ಹಚ್ಚಿದ್ದಾಯಿತು, ಗೌರಿಗೆ ಅರಿಶಿನ ಕುಂಕುಮ ಏರಿಸಿದ್ದಾಯಿತು. ಇನ್ನು ಮಾತು ನಿಲ್ಲಿಸಿ, ಹತ್ತಿರ ಸರಿದು ಕುಳಿತು ಕೇಳಿರಮ್ಮಾ. ತಮ್ಮವರು ಸೆರೆಯಲ್ಲಿರುವವರು ಮುಂದೆ ಬಂದು ಕೂಡಿ. ನಾಚಿಕೆ ಬೇಡ, ಈ ವ್ರತ ಇರುವುದೇ ನಿಮಗಾಗಿ.

ತುಂಗಭದ್ರೆಯ ದಡದಲ್ಲಿ ಹಿರೇಕೋಟೆ ಎಂಬ ಪಟ್ಟಣ. ಆ ಪಟ್ಟಣದಲ್ಲಿ ಕಾಳಪ್ಪನೆಂಬ ಕಂಚುಗಾರನಿದ್ದನು. ಅವನಿಗೆ ನೀಲವ್ವನೆಂಬ ಒಬ್ಬಳೇ ತಂಗಿ. ತಾಯಿತಂದೆಯರು ಒಂದೇ ಬೇನೆಯಲ್ಲಿ ತೀರಿಹೋದಾಗ ಅವಳಿನ್ನೂ ಅಂಬೆಗಾಲಿಡುವ ಕೂಸು. ಕಾಳಪ್ಪನು ಅವಳನ್ನು ಕುಲುಮೆಯ ಪಕ್ಕದಲ್ಲಿ ಕೂರಿಸಿಕೊಂಡು, ತಿದಿಯೊತ್ತಿ, ಕೊಡ ಬಡಿದು, ಮಸಿಗೈ ತೊಳೆದುಕೊಂಡು ಅವಳಿಗೆ ಉಣಿಸಿ, ತಲೆ ಬಾಚಿ, ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಮೊದಲು ನೀಲಿಯದಾಗಲಿ’ ಎಂದು ಮುಂದೂಡಿ, ಕೊನೆಗೆ ಅವಳನ್ನು ಅರಮನೆಯ ಅಕ್ಕಸಾಲಿಗನಾದ ವಿರೂಪಾಚಾರಿಗೆ ಧಾರೆಯೆರೆದು ಕೊಟ್ಟನು. ಅಷ್ಟರಲ್ಲಿ ಅವನ ಮದುವೆಯ ವಯಸ್ಸು ಮೀರಿಹೋಗಿತ್ತು.

ಕಾಳಪ್ಪನ ಕೈ ಬಂಗಾರದಂಥದು, ಸಿಟ್ಟು ಬೆಂಕಿಯಂಥದು. ಒಂದು ಸಂತೆಯ ದಿನ ಸುಂಕದವನು ಅವನೊಡನೆ ಜಗಳ ತೆಗೆದು, ಹೊಸ ತಪ್ಪಲೆಯನ್ನು ಕಾಲಿನಿಂದ ಒದ್ದು ಉರುಳಿಸಲು, ಕಾಳಪ್ಪನು ಕೈಯಲ್ಲಿದ್ದ ಸುತ್ತಿಗೆಯನ್ನೇ ಎತ್ತಿ ಹೊಡೆದುಬಿಟ್ಟನು. ಸುಂಕದವನು ಅಲ್ಲಿಯೇ ಬಿದ್ದು ಪ್ರಾಣ ಬಿಟ್ಟನು. ಆ ಏಟು ಕೈತಪ್ಪಿ ಬಿದ್ದದ್ದಲ್ಲ. ರಾಜನ ಮುಂದೆ ಕಾಳಪ್ಪನೇ ಹಾಗೆಂದು ಒಪ್ಪಿಕೊಂಡನು. ರಾಜನು ಅವನನ್ನು ಕೋಟೆಯ ಕೆಳಗಿನ ಸೆರೆಮನೆಗೆ ನೂಕಿಸಿದನು. ಇಂಥ ದಿನ ಬಿಡುತ್ತೇವೆಂದು ಯಾರೂ ಹೇಳಲಿಲ್ಲ.

ಆ ಸೆರೆಮನೆಯ ಗೋಡೆಯಲ್ಲಿ, ನಿಂತವರ ಮುಖದ ಎತ್ತರಕ್ಕೆ, ಒಂದು ಕೈ ತೂರುವಷ್ಟೇ ಅಗಲದ ಕಿಂಡಿಯೊಂದಿತ್ತು. ಸೋಮವಾರ ಸೋಮವಾರ ಮನೆಯವರು ಅಲ್ಲಿಗೆ ಬಂದು, ಹೆಸರು ಹಿಡಿದು ಕೂಗಿ, ಬುತ್ತಿ ಕೊಟ್ಟು, ನಾಲ್ಕು ಮಾತಾಡಿ ಹೋಗಬಹುದಿತ್ತು. ಹಾಗೆ ಬಂದ ಹೆಂಗಸರು ಕಿಂಡಿಯ ಕೆಳಗೆ ಒಂದು ಹಿಡಿ ಮಣ್ಣಿನಲ್ಲಿ ಗೌರಿಯನ್ನು ಮಾಡಿಟ್ಟು, ಕೈಮುಗಿದು ಕೂಗುತ್ತಿದ್ದರು. ಅವಳೇ ಕಿಂಡಿಗೌರಿ.

ಕಾಳಪ್ಪನು ಸೋಮವಾರ ಬಂದರೆ ಮುಖ ತೊಳೆದುಕೊಂಡು, ಕೂದಲನ್ನು ಬೆರಳಿನಿಂದಲೇ ಒಪ್ಪ ಮಾಡಿಕೊಂಡು, ಕಿಂಡಿಯ ಹತ್ತಿರ ನಿಲ್ಲುವನು. ಒಬ್ಬೊಬ್ಬರ ಹೆಸರೂ ಕೇಳುವುದು, ಅವನದು ಕೇಳದು. ಕಿಂಡಿಗೆ ಹಲಗೆ ಹಾಕುವವರೆಗೂ ನಿಂತಿದ್ದು, ಆಮೇಲೆ ಹಿಂದಕ್ಕೆ ಹೋಗಿ ಗಂಜಿ ಕುಡಿಯುವನು.

ಇತ್ತ ನೀಲವ್ವನು ಅರಮನೆಯ ಹೆಂಗಸರೊಡನೆ ಓಡಾಡುತ್ತಿದ್ದಳು. ಅಣ್ಣನ ಸುದ್ದಿ ಎಲ್ಲಿ ರಾಣಿಯ ಕಿವಿಗೆ ಬಿದ್ದು ಗಂಡನ ಕೆಲಸಕ್ಕೆ ಸಂಚಕಾರ ಬರುವುದೋ ಎಂದು ಹೆದರಿ, ಕೋಟೆಯ ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಳು. ಆ ವರ್ಷ ಗೌರಿಹಬ್ಬ ಬಂದಿತು. ನೀಲವ್ವನು ಬೆಳ್ಳಿಯ ಗೌರಿಯನ್ನು ಕೂರಿಸಿ, ಕಡುಬು ಮಾಡಿ, ದೊಡ್ಡ ಮನೆಯ ಮುತ್ತೈದೆಯರನ್ನು ಕರೆದು ಆರತಿ ಎತ್ತುತ್ತಿರಲು, ಹರಕು ಸೀರೆಯುಟ್ಟ ಮುದುಕಿಯೊಬ್ಬಳು ಬಾಗಿಲಿಗೆ ಬಂದು ನಿಂತಳು. ಅವಳು ಬಸಕ್ಕ. ಅವಳ ಮಗನೂ ಅದೇ ಸೆರೆಮನೆಯಲ್ಲಿದ್ದನು.

“ಯವ್ವಾ, ನಿಮ್ಮಣ್ಣ ಪ್ರತಿ ಸೋಮವಾರ ಕಿಂಡಿ ಹತ್ರ ನಿಂತು ಕಾಯ್ತಾನೆ. ಒಂದೇ ಒಂದು ಸಲ ಬಂದು ಹೆಸರು ಕೂಗಿ ಹೋಗ್ರಿ. ಬುತ್ತಿ ತರದಿದ್ರೂ ಪರವಾಗಿಲ್ಲ” ಎಂದಳು ಬಸಕ್ಕ.

ಮುತ್ತೈದೆಯರೆಲ್ಲ ನೀಲವ್ವನ ಮುಖವನ್ನೇ ನೋಡಿದರು.

ನೀಲವ್ವನು ಆರತಿಯ ತಟ್ಟೆಯನ್ನು ಕೆಳಗಿಡದೆಯೇ, “ನನಗೆ ಅಣ್ಣ ಇಲ್ಲ. ನೀನು ಯಾವುದೋ ಮನೆ ಅಂತ ತಪ್ಪಿ ಬಂದಿದ್ದೀಯ” ಎಂದಳು. ಬಸಕ್ಕನು ಬಂದ ದಾರಿಯಲ್ಲೇ ತಿರುಗಿ ಹೋದಳು. ಮುತ್ತೈದೆಯರು ಕಡುಬು ತಿಂದು, ಬಾಗಿನ ತೆಗೆದುಕೊಂಡು, ಹರಸಿ ಹೋದರು.

ಆ ಹರಕೆ ಫಲಿಸಲಿಲ್ಲ. ಗೌರಿಯು ಮುನಿದಳು. ರಾಣಿಯ ಸೊಂಟದ ಡಾಬಿನ ಬಂಗಾರಕ್ಕೆ ತಾಮ್ರ ಬೆರೆಸಿದ್ದಾರೆಂದು ಅರಮನೆಯಲ್ಲಿ ಗುಲ್ಲೆದ್ದು, ಬೆರೆಸಿದವನು ಬೇರೊಬ್ಬನಾಗಿದ್ದರೂ ಅಪವಾದವು ವಿರೂಪಾಚಾರಿಯ ತಲೆಗೆ ಬಂದಿತು. ಕಾಳಪ್ಪನ ತಂಗಿಯ ಗಂಡನಲ್ಲವೇ, ಮಾಡಿಯೇ ಇರುತ್ತಾನೆ ಎಂದರು. ಯಾವ ಮಾತು ಹೊರಬೀಳದಿರಲೆಂದು ನೀಲವ್ವನು ಅಣ್ಣನನ್ನು ಇಲ್ಲವೆಂದಳೋ ಆ ಮಾತು ಎಲ್ಲರಿಗೂ ಮೊದಲಿನಿಂದಲೇ ಗೊತ್ತಿತ್ತು. ಕೆಲಸ ಹೋಯಿತು, ಮನೆ ಹೋಯಿತು. ಗಂಡಹೆಂಡಿರು ಕೋಟೆಯ ಹೊರಗೆ, ಕಾಳಪ್ಪನ ಹಳೆಯ ಕುಲುಮೆಯ ಪಕ್ಕದ ಗುಡಿಸಿಲಿಗೆ ಬಂದು ಸೇರಿದರು. ಕಡುಬು ತಿಂದು ಹೋದವರು ಎದುರಿಗೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುವರು. ಬಾವಿಕಟ್ಟೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲವಾದರು. ‘ಅವಳು’, ‘ಅಗೋ, ಅವಳು’ ಎನ್ನುವರು. ಗಂಡನೋ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟನು.

ಹೀಗಿರಲು ಒಂದು ಸೋಮವಾರ ನೀಲವ್ವನು ನೀರಿಗೆಂದು ಹೊಳೆಗೆ ಹೋದಾಗ, ಬಸಕ್ಕನು ಬುತ್ತಿಯ ಬಟ್ಟೆಯನ್ನು ಒಗೆಯುತ್ತಿದ್ದುದನ್ನು ಕಂಡಳು. ತಲೆ ತಗ್ಗಿಸಿ ಹೋಗಬೇಕೆಂದವಳಿಗೆ ಕಾಲು ಬರಲಿಲ್ಲ.

“ಮಗ ಹೇಗಿದಾನೆ ಬಸಕ್ಕ?” ಎಂದು ಕೇಳಿದಳು.

“ಹೋದ ಶ್ರಾವಣದಾಗ ಒಳಗೇ ಸತ್ತ. ಜ್ವರ ಬಂದಿತ್ತಂತೆ.”

“ಮತ್ತೆ ಈ ಬುತ್ತಿ?”

“ಸೋಮವಾರ ಬಂದ್ರೆ ಮನೇಲಿ ಕೂಡೋಕೆ ಆಗಲ್ಲ. ಯಾರೂ ಬರದೇ ಇರೋರು ಒಳಗೆ ಬಹಳ ಜನ ಇದಾರೆ, ಅವರ ಹೆಸರು ಕೂಗಿ ಕೊಟ್ಟು ಬರ್ತೀನಿ. ನಿಮ್ಮಣ್ಣನಿಗೂ ಕೊಡ್ತೀನಿ.”

ನೀಲವ್ವನು, “ನನ್ನ ವಿಚಾರ ಕೇಳ್ತಾನಾ?” ಎಂದಳು.

ಬಸಕ್ಕನು ಬಟ್ಟೆಯನ್ನು ಹಿಂಡಿ, “ಮೊದಮೊದಲು ಕೇಳ್ತಿದ್ದ” ಎಂದಳು.

ಆಗ ನೀಲವ್ವನು ಕೊಡವನ್ನು ನೀರಿನಲ್ಲಿಯೇ ಬಿಟ್ಟು, ಮುದುಕಿಯ ಕೈ ಹಿಡಿದುಕೊಂಡು, ತಾನೇನು ಮಾಡಬೇಕೆಂದು ಕೇಳಲು, ಬಸಕ್ಕನು ವ್ರತದ ಕ್ರಮವನ್ನು ಹೇಳಿದಳು. ಅದನ್ನು ಸರಿಯಾಗಿ ಕೇಳಿಕೊಳ್ಳಿರಮ್ಮಾ. ಸೋಮವಾರ ಮಿಂದು, ಒಂದು ಹಿಡಿ ಮಣ್ಣಿನಲ್ಲಿ ಗೌರಿಯನ್ನು ಮಾಡಿ, ನೀವು ಉಣ್ಣುವುದನ್ನೇ ಬುತ್ತಿ ಕಟ್ಟಬೇಕು. ಕಾವಲುಗಾರನು ರೊಟ್ಟಿಯನ್ನು ಮುರಿದು ನೋಡಿದರೆ ಸಿಟ್ಟಾಗಬಾರದು, ಅಲ್ಲಿ ನೀವು ಆಡಿದ ಮಾತಿನ ಏಟು ಒಳಗಿರುವವನಿಗೆ ಬೀಳುತ್ತದೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ ಕೂಗಬೇಕು. ಯಾಕೆ ಮಾಡಿದೆ, ಹೀಗೇಕಾಯಿತು ಎಂದು ಕೇಳಬಾರದು, ರಾಜನು ಕೇಳಿ ಆಗಿದೆ. ನಾಳೆ ಬಿಡಿಸುತ್ತೇನೆ, ನಾಡಿದ್ದು ಬಿಡಿಸುತ್ತೇನೆ ಎಂದು ಸುಳ್ಳು ಆಸೆ ಹುಟ್ಟಿಸಬಾರದು. ಊರಿನ ಸುದ್ದಿ, ಮನೆಯ ಸುದ್ದಿ, ಹುಟ್ಟಿದ್ದು, ಸತ್ತದ್ದು, ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಅಳುವುದಿದ್ದರೆ ದಾರಿಯಲ್ಲಿ ಅಳಬೇಕು. ಅವನು ಕಿಂಡಿಗೆ ಬರದಿದ್ದರೂ ಹೇಳುವುದನ್ನು ಹೇಳಿ, ಬರುವ ಸೋಮವಾರ ಬರುತ್ತೇನೆಂದು ಮಾತು ಕೊಟ್ಟು, ಬರಬೇಕು. ಬರಲಾಗದಿದ್ದರೆ ಯಾರನ್ನಾದರೂ ಕಳಿಸಬೇಕು. ತಪ್ಪಿಸಬಾರದು.

ನೀಲವ್ವನು ಮುಂದಿನ ಸೋಮವಾರವೇ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿ, ಕಿಂಡಿಗೆ ಬಾಯಿಟ್ಟು, “ಅಣ್ಣಾ, ಕಾಳಣ್ಣಾ” ಎಂದು ಕೂಗಿದಳು. ಯಾರೂ ಬರಲಿಲ್ಲ. ಕಾವಲುಗಾರನು ಒಳಗೆ ಹೋಗಿ ಬಂದು, “ತನಗೆ ತಂಗಿ ಇಲ್ಲ ಅಂತಾನೆ” ಎಂದನು.

ನೀಲವ್ವನು ಕ್ರಮವನ್ನು ಮರೆತು, ಗೋಡೆಗೆ ಹಣೆಯಿಟ್ಟು ಅತ್ತು, ಬುತ್ತಿಯನ್ನು ಅಲ್ಲೇ ಬಿಟ್ಟು ಬಂದಳು. ಮತ್ತೆ ಹೋದಳು. ಮತ್ತೆ ಅದೇ ಮಾತು. ಒಂದು ಸಲ ಅವಳಿಗೂ ಸಿಟ್ಟು ಬಂದು, ಅವನ ತಂಗಿಯೇ ತಾನೆ, “ಇಷ್ಟು ಸೊಕ್ಕಿದ್ದರೆ ಅಲ್ಲೇ ಕೊಳೆಯಲಿ” ಎಂದು ಮನೆಯಲ್ಲಿಯೇ ಕುಳಿತಳು. ಸಂಜೆ ಬಸಕ್ಕನು ಬಂದು, “ಇವತ್ತು ನಿಮ್ಮಣ್ಣ ಕಿಂಡಿಯಿಂದ ಒಂದು ಮಾರು ದೂರ ಬಂದು ನಿಂತಿದ್ದ ಕಣವ್ವ. ನಿಮ್ಮ ದನಿ ಕೇಳಲಿಲ್ಲ, ಹಿಂದಕ್ಕೆ ಹೋದ” ಎಂದು ಹೇಳಿ, ಕೂಡದೆ ಹೊರಟುಹೋದಳು. ನೀಲವ್ವನು ಅಂದು ಒಲೆ ಹಚ್ಚಲಿಲ್ಲ.

ಆಮೇಲೆ ಅವಳು ಬಿಸಿಲೆನ್ನದೆ ಮಳೆಯೆನ್ನದೆ ಹೋದಳು. ಕತ್ತಲೆಗೆ ಮುಖ ಮಾಡಿಕೊಂಡು ಸುದ್ದಿ ಹೇಳಿದಳು. ಹೊಳೆ ತುಂಬಿ ಬಂದದ್ದು, ಕುಂಬಾರರ ಸಂಕಮ್ಮ ಅವಳಿ ಹೆತ್ತದ್ದು, ತನ್ನ ಗಂಡನ ಕೆಲಸ ಹೋದದ್ದು, ಅವನು ಗೋಡೆಗೆ ಮುಖ ಮಾಡಿ ಮಲಗಿದ್ದು, ಕುಲುಮೆಯ ಚಾವಣಿ ಕುಸಿದದ್ದು. ಒಳಗಿದ್ದ ಬೇರೆಯವರು ಕಿಂಡಿಯ ಹತ್ತಿರ ಬಂದು ಕುಳಿತು ಕೇಳತೊಡಗಿದರು. “ಅಕ್ಕಾ, ಆ ಅವಳಿ ಕೂಸು ಉಳಿದವಾ?” ಎಂದು ಕೇಳುವರು. ತಮ್ಮ ಹೆಸರು ಹೇಳುವರು. ಅವಳು ಅವರಿಗೂ ಉತ್ತರ ಕೊಡುವಳು. ಅಣ್ಣನ ದನಿ ಮಾತ್ರ ಇಲ್ಲ.

ಒಂದು ಸೋಮವಾರ ಅವಳು ಹೇಳುವ ಸುದ್ದಿಯೆಲ್ಲ ಮುಗಿದು, ಬಾಯಿ ಒಣಗಿ, ಕೊನೆಗೆ, “ಕಾಳಣ್ಣಾ, ಹಬ್ಬದ ದಿನ ಎಲ್ಲರ ಮುಂದೆ ನನಗೆ ಅಣ್ಣ ಇಲ್ಲ ಅಂದುಬಿಟ್ಟೆ. ಯಾರೂ ನನ್ನ ಬಾಯಿಂದ ಅನ್ನಿಸಲಿಲ್ಲ, ನಾನೇ ಅಂದದ್ದು” ಎಂದಳು.

ಒಳಗೆ ಯಾರೋ ಗೋಡೆಯ ಹತ್ತಿರ ಸರಿದಂತಾಯಿತು. ಆಮೇಲೆ ಗೊಗ್ಗರು ದನಿಯೊಂದು, “ಗೊತ್ತು. ಬೀದಿ ಮಾತು ಗೋಡೆ ದಾಟಿ ಬರ್ತದೆ” ಎಂದಿತು. ಇನ್ನೂ ಹತ್ತಿರ ಬಂದು, “ಕುಲುಮೆಯ ಚಾವಣಿ ಯಾವ ಕಡೆ ಕುಸಿದದ್ದು?” ಎಂದಿತು.

“ಬೇವಿನ ಮರದ ಕಡೆ.”

“ಆ ತೊಲೆಗೆ ಮೊದಲೇ ಗೆದ್ದಲು ಹತ್ತಿತ್ತು. ನಿನ್ನ ಗಂಡನಿಗೆ ಎದ್ದು ಅದನ್ನ ಸರಿಮಾಡೋಕೆ ಹೇಳು. ಅಕ್ಕಸಾಲಿಗ ಆದ್ರೇನು, ತಾಮ್ರ ಬಡಿದರೆ ಕೈ ಸವೆಯಲ್ಲ.”

ಆಮೇಲೆ ಕಿಂಡಿಯೊಳಗಿಂದ ಒಂದು ಕೈ ಬಂದಿತು. ಬಿಳಿಚಿಕೊಂಡು, ಉಗುರು ಬೆಳೆದಿದ್ದ ಆ ಕೈ ತನ್ನಣ್ಣನದೆಂದು ನೀಲವ್ವನಿಗೆ ಗುರುತು ಹತ್ತಲಿಲ್ಲ. ರೊಟ್ಟಿಯನ್ನು ಇಟ್ಟಳು. ಅಳಲಿಲ್ಲ. ದಾರಿಯಲ್ಲಿ ಅತ್ತಳು.

ಅಂದಿನಿಂದ ಗೌರಿಯ ಮುನಿಸು ಇಳಿಯತೊಡಗಿತು. ವಿರೂಪಾಚಾರಿಯು ಎದ್ದು ತೊಲೆ ಬದಲಿಸಿ, ಕುಲುಮೆ ಹೂಡಿದನು. ಡಾಬಿಗೆ ತಾಮ್ರ ಬೆರೆಸಿದವನು ಸಿಕ್ಕಿಬಿದ್ದನು. ಅರಮನೆಯಿಂದ ಕರೆ ಬಂದರೂ ವಿರೂಪಾಚಾರಿಯು ಹೋಗದೆ ಕೊಡ ಬಡಿದುಕೊಂಡೇ ಉಳಿದನು. ಮನೆಯಲ್ಲಿ ಹೊಟ್ಟೆ ತುಂಬ ಅನ್ನವಾಯಿತು.

ವರುಷಗಳು ಕಳೆದು ರಾಜನಿಗೆ ಮೊಮ್ಮಗ ಹುಟ್ಟಲು, ಅವನು ಸಂತೋಷದಿಂದ, ‘ಸೆರೆಮನೆಯ ಬಾಗಿಲಲ್ಲಿ ಯಾರ ಹೆಸರು ಹಿಡಿದು ಅವರ ಮನೆಯವರು ಕರೆಯುವರೋ ಅಂಥವರನ್ನು ಬಿಟ್ಟುಬಿಡಿ’ ಎಂದು ಅಪ್ಪಣೆ ಮಾಡಿದನು. ನೀಲವ್ವನು ಓಡಿಹೋಗಿ ಅಣ್ಣನ ಹೆಸರು ಕೂಗಿದಳು. ಕಾಳಪ್ಪನು ಹೊರಗೆ ಬಂದು, ಬಿಸಿಲು ತಾಳಲಾರದೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡನು. ಆಗ ಕಿಂಡಿಯಿಂದ, ಸುದ್ದಿ ಕೇಳುತ್ತ ಕುಳಿತಿರುತ್ತಿದ್ದವರೆಲ್ಲ, “ಅಕ್ಕಾ, ನನ್ನ ಹೆಸರೂ ಹೇಳು, ಅಕ್ಕಾ” ಎಂದು ಕೂಗಿದರು. ಅವಳು ಒಂದೊಂದೇ ಹೆಸರು ಹೇಳಿದಳು. ಕಾವಲುಗಾರನು, “ಇವರೆಲ್ಲ ನಿನಗೇನಾಗಬೇಕು?” ಎಂದು ಕೇಳಿ, ಬಾಗಿಲು ಹಾಕಿದನು. ನೀಲವ್ವನು ಅಣ್ಣನ ಕೈ ಹಿಡಿದು ನಡೆಯುತ್ತಿದ್ದರೆ ಆ ಕೂಗು ಬೀದಿಯ ತಿರುವಿನವರೆಗೂ ಬಂದಿತು.

ಕಾಳಪ್ಪನಿಗೆ ಮತ್ತೆ ಸುತ್ತಿಗೆ ಹಿಡಿಯಲಾಗಲಿಲ್ಲ. ಬಾಗಿಲು ಹಾಕಿದರೆ ಉಸಿರು ಕಟ್ಟುವುದು, ಅದಕ್ಕಾಗಿ ಜಗುಲಿಯಲ್ಲಿಯೇ ಮಲಗುವನು. ಒಂದು ದಿನ ಸುಂಕದವನ ಹೆಂಡತಿಯ ಮನೆಯ ಮುಂದೆ ಹೋಗಿ ನಿಂತನು. ಅವಳು ನೋಡಿ, ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಅವನು ಬಾಗಿಲಿಗೆ ಕೈಮುಗಿದು ಬಂದನು. ಕಳೆದ ವರುಷಗಳನ್ನು ಗೌರಿಯೂ ತಂದುಕೊಡಲಿಲ್ಲ.

ನೀಲವ್ವನು ವ್ರತದ ಉದ್ಯಾಪನೆ ಮಾಡುವಾಗ ಬಸಕ್ಕನನ್ನು ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, “ನೀನು ಮನುಷ್ಯಳಲ್ಲ, ಸಾಕ್ಷಾತ್ ಕಿಂಡಿಗೌರಿ” ಎಂದು ಅಡ್ಡಬೀಳಲು, ಮುದುಕಿಯು ಕಾಲು ಹಿಂದಕ್ಕೆ ಎಳೆದುಕೊಂಡು, “ಸುಮ್ಮನಿರವ್ವ. ನಾನು ದೇವಿ ಆಗಿದ್ರೆ ನನ್ನ ಮಗನ್ನ ಉಳಿಸಿಕೊಳ್ತಿರಲಿಲ್ವಾ?” ಎಂದಳು. ಬಾಗಿನದಲ್ಲಿದ್ದ ಅಕ್ಕಿಬೇಳೆಯನ್ನು ಮಾತ್ರ ಉಡಿಗೆ ಹಾಕಿಕೊಂಡು, “ಒಳಗೆ ಇನ್ನೂ ಜನ ಇದಾರೆ” ಎಂದಳು. ಅಂದಿನಿಂದ ಇಬ್ಬರೂ ಕೂಡಿಯೇ ಕಿಂಡಿಗೆ ಹೋದರು.

ಈ ಕಥೆಯನ್ನು ಹೇಳಿದವರ, ಕೇಳಿದವರ, ಹೂಂಗುಟ್ಟಿದವರ ಮನೆಯವರು ಎಂಥ ಕತ್ತಲೆಯಲ್ಲಿದ್ದರೂ ತಮ್ಮ ಹೆಸರನ್ನು ಮರೆಯದಿರಲಿ. ನಿಮ್ಮ ದನಿ ಅವರಿಗೆ ಕೇಳಲಿ. ಅವರು ನಿಮ್ಮನ್ನು ಇಲ್ಲವೆನ್ನದಿರಲಿ. ತಾಯಿ ಕಿಂಡಿಗೌರಿಯು ಬಾಗಿಲು ತೆರೆಸುವಳೋ ಇಲ್ಲವೋ, ನಾನು ಹೇಳಲಾರೆ. ನಿಮ್ಮ ಕಾಲಿಗೆ ಅಲ್ಲಿಯವರೆಗೆ ನಡೆಯುವ ಶಕ್ತಿಯನ್ನಂತೂ ಕೊಡುವಳು. ಇನ್ನು ಏಳಿರಮ್ಮಾ, ರೊಟ್ಟಿ ಕಟ್ಟಿಕೊಳ್ಳಿ. ಕಿಂಡಿಗೆ ಹಲಗೆ ಹಾಕುವ ಹೊತ್ತು ಯಾರಿಗೂ ಕಾಯುವುದಿಲ್ಲ.