ಧೋತರದಲ್ಲಿ ಹಿಡಿದ ಬೆಳಕು

ನದಿಯ ದಂಡೆಯಲ್ಲಿ ಒಂದು ತಗಡಿನ ಗುಡಿಸಲು. ಅದರಲ್ಲಿ ಒಬ್ಬರು ಅಜ್ಜಾರು ಇದ್ದರು.

ಊರಿನವರು ಅವರನ್ನು ಗುರುಗಳು ಎನ್ನುತ್ತಿದ್ದರು. ಅವರು ಯಾರಿಗೂ ಮಂತ್ರ ಹೇಳಿಕೊಟ್ಟವರಲ್ಲ, ಫೋಟೊ ತೆಗೆಯುವುದನ್ನು ಹೇಳಿಕೊಡುತ್ತಿದ್ದರು. ಅದನ್ನೂ ನೆಟ್ಟಗೆ ಹೇಳಿಕೊಡುವುದಿಲ್ಲ ಎಂಬುದು ಶಿಷ್ಯೆ ಕಸ್ತೂರಿಯ ದೂರು.

ದೂರಿಗೆ ಕಾರಣವಿತ್ತು. ಮೂರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಅಜ್ಜಾರ ಬಿಳಿ ಧೋತರವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಲ್ಲುವುದು.

ದಿನಾ ಸಂಜೆ ಟಾಂಗಾದವರು ಕುದುರೆಗಳ ಮೈ ತೊಳೆಯಲು ನದಿಗೆ ಬರುತ್ತಿದ್ದರು. ಅಜ್ಜಾರು ಅವರನ್ನೂ ಅವರ ಕುದುರೆಗಳನ್ನೂ ಜೊತೆಗೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ದೀಪ ಗೀಪ ಏನೂ ಇಲ್ಲ. ಹೊತ್ತು ಮುಳುಗಿದ ಮೇಲೆ ಆಕಾಶದಲ್ಲಿ ಉಳಿಯುವಷ್ಟೇ ಬೆಳಕು. ಅದು ಧೋತರದ ಮೇಲೆ ಬಿದ್ದು, ಅಲ್ಲಿಂದ ಮನುಷ್ಯನ ಮುಖಕ್ಕೂ ಕುದುರೆಯ ಕುತ್ತಿಗೆಗೂ ಹೊರಳಬೇಕು. ಧೋತರ ಒಂದು ಗೇಣು ಆಚೀಚೆಯಾದರೂ ಅಜ್ಜಾರು ಕ್ಯಾಮೆರಾ ಕೆಳಗಿಟ್ಟುಬಿಡುತ್ತಿದ್ದರು.

"ಇನ್ನ ಎಷ್ಟ ದಿನಾ ಹಿಡೀಬೇಕ್ರಿ ಅಜ್ಜಾರ?"

"ಕೈ ನೋಯಾಕತ್ತಾವೇನು?"

"ಹೌದ್ರಿ."

"ಹಂಗಾದ್ರ ಇನ್ನೂ ಧೋತರಾನ ಹಿಡದಿ. ಬೆಳಕು ಹಿಡದಿಲ್ಲ."

ಕಸ್ತೂರಿ ಮುಖ ಊದಿಸಿಕೊಳ್ಳುತ್ತಿದ್ದಳು. ಮರುದಿನ ಮತ್ತೆ ಬಂದು ಧೋತರ ಹಿಡಿಯುತ್ತಿದ್ದಳು. ಬಿಟ್ಟುಹೋಗುವ ಹಾಗಿರಲಿಲ್ಲ. ಅವಳ ಚೀಲದಲ್ಲಿ, ಎರಡು ರಟ್ಟಿನ ನಡುವೆ, ಒಂದು ಫೋಟೊ ಇತ್ತು.

ಅಪ್ಪ ತನ್ನ ಕುದುರೆಯ ಪಕ್ಕ ನಿಂತ ಫೋಟೊ ಅದು. ಹಿಂದೆ ಹೊಳೆ, ಒಂದು ಬದಿಗೆ ಹೊಳೆಯಾಚೆ ಮುಳುಗುವ ಸೂರ್ಯ. ಕುದುರೆಯ ಕಿವಿಯಂಚಿನ ಕೂದಲು ಕೂಡ ಬೆಳಗುತ್ತಿತ್ತು. ಅಪ್ಪನ ಮುಖ ಮಾತ್ರ ಕಪ್ಪು. ಅದನ್ನು ತೆಗೆದಾಗ ಕಸ್ತೂರಿಗೆ ಐದು ವರ್ಷ. ಮರುವರ್ಷ ಅಪ್ಪ ತೀರಿಕೊಂಡ. ಮನೆಯಲ್ಲಿ ಅವನ ಬೇರೆ ಫೋಟೊ ಇರಲಿಲ್ಲ.

ಕಣ್ಣು ಮುಚ್ಚಿದರೆ ಅವಳಿಗೆ ಅಪ್ಪನ ಅಂಗಿಯ ಹುಲ್ಲಿನ ವಾಸನೆ ನೆನಪಾಗುತ್ತಿತ್ತು. ಕೆಮ್ಮು ನೆನಪಾಗುತ್ತಿತ್ತು. ಮುಖ ನೆನಪಾಗುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವಳು ಆ ಒಂದು ಮುಖಕ್ಕಾಗಿ ಹಂಬಲಿಸಿದ್ದಳು. ಫೋಟೊವನ್ನು ಕಿಟಕಿಗೆ ಹಿಡಿದು ನೋಡಿದ್ದಳು, ಬಲ್ಬಿಗೆ ಹಿಡಿದು ನೋಡಿದ್ದಳು. ಸ್ಟುಡಿಯೋದವರಿಗೂ ತೋರಿಸಿದ್ದಳು. "ಕಪ್ಪಿನೊಳಗ ಏನೂ ಇಲ್ರಿ ಅಕ್ಕಾರ" ಎಂದು ಅವರು ತಿರುಗಿ ಕೊಟ್ಟಿದ್ದರು.

ಅಜ್ಜಾರಲ್ಲಿಗೆ ಬಂದ ಮೊದಲ ದಿನವೇ ಅವಳು ಅದನ್ನು ಅವರ ಮುಂದಿಟ್ಟಿದ್ದಳು.

"ಅಜ್ಜಾರ, ಇಂಥಾ ಮುಖಕ್ಕ ಬೆಳಕು ತರೂದು ಹೆಂಗ್ರಿ?"

ಅಜ್ಜಾರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಚಲೋ ಐತಲ್ಲ. ಇದಕ್ಕೇನಾಗೇತಿ?"

ಮುದುಕರಿಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡಳು ಕಸ್ತೂರಿ. ಆಮೇಲೆ ಅವಳು ಆ ಫೋಟೊವನ್ನು ಹೊರಗೆ ತೆಗೆಯಲಿಲ್ಲ.

ಒಂದು ಸಂಜೆ ದಸ್ತಗೀರಸಾಬ ಕುಂಟುತ್ತಾ ಬಂದ. ಅವನ ಹಿಂದೆ ಅವನ ಬಿಳಿ ಹೆಣ್ಣು ಕುದುರೆ ಮೈನಾ. ಮೈನಾಳ ಕಣ್ಣಿಗೆ ಪೊರೆ ಬಂದು ಬಿಸಿಲು ಚುಚ್ಚುತ್ತಿತ್ತು. ಹಾಗಾಗಿ ಹೊತ್ತು ಮುಳುಗಿದ ಮೇಲೆಯೇ ಅವಳನ್ನು ಹೊರಗೆ ತರುತ್ತಿದ್ದ.

"ಅಜ್ಜಾರ, ಮೊಣಕಾಲು ಪೂರಾ ಕೈಕೊಟ್ಟಾವ್ರಿ. ಇನ್ನ ಈಕೀನ ನೋಡಿಕೊಳ್ಳಾಕ ನನ್ನಿಂದ ಆಗೂದಿಲ್ಲ. ಹೊಳಿ ಆಚಿ, ದೂರದ ಊರಾಗ ಒಬ್ಬರು ಮುದಿ ಕುದುರಿ ಸಾಕತಾರಂತ. ನಾಡಿದ್ದು ಮುಂಜಾನೆ ಗಾಡಿ ತರ್ತಾರ."

ಹಗ್ಗವನ್ನು ಕೈಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ.

"ಹತ್ತೊಂಬತ್ತು ವರ್ಷ ಆತ್ರಿ. ಹೋದ ಮ್ಯಾಲೆ ನೋಡಾಕ ಏನರ ಒಂದು ಬೇಕಲ್ರಿ?"

ಅಜ್ಜಾರು ಕ್ಯಾಮೆರಾವನ್ನು ಕಸ್ತೂರಿಯ ಕೈಗಿಟ್ಟರು.

"ಇವತ್ತ ನೀ ತೆಗಿ."

ಮೂರು ವರ್ಷ ಕಾದ ಮಾತು ಅದು. ಆದರೆ ಕಸ್ತೂರಿಗೆ ಚೀಲದಲ್ಲಿದ್ದ ಫೋಟೊ ನೆನಪಾಯಿತು. ಈ ಮನುಷ್ಯನಿಗೂ ಕಪ್ಪು ಮುಖದ ಒಂದು ಫೋಟೊ ಉಳಿದುಬಿಟ್ಟರೆ? ಮುಂದೆ ಇವನೂ ಅದನ್ನು ಬಲ್ಬಿಗೆ ಹಿಡಿದು ನೋಡುತ್ತಾ ಕೂತರೆ? ಆ ಗಾಬರಿಯಲ್ಲಿ ಅವಳಿಗೆ ಧೋತರ ಮರೆತೇಹೋಯಿತು.

"ಚಾಚಾ, ಪಡುವಲ ಕಡಿ ತಿರುಗ್ರಿ. ಬೆಳಕಿನ ಕಡಿ."

ದಸ್ತಗೀರಸಾಬ ತಿರುಗಿದ. ಅವಳು ಕ್ಯಾಮೆರಾ ಎತ್ತುವಷ್ಟರಲ್ಲಿ ಮೈನಾ ಮೂಗಿನಿಂದ ಸದ್ದು ಮಾಡಿದಳು. ಅವನು ಬೆಳಕಿಗೆ ಬೆನ್ನು ಮಾಡಿ ಅವಳ ಕಡೆ ಹೊರಳಿದ.

"ಹಂಗಲ್ರಿ ಚಾಚಾ, ಮುಖ ಕಪ್ಪ ಬರ್ತೈತಿ. ಈ ಕಡಿ."

ಮತ್ತೆ ತಿರುಗಿದ. ಮತ್ತೆ ಹೊರಳಿದ. ಆಕಾಶದ ಕೆಂಪು ಬೂದಿಯ ಬಣ್ಣಕ್ಕೆ ಇಳಿಯುತ್ತಿತ್ತು. ಕಸ್ತೂರಿಗೆ ತಡೆಯಲಾಗಲಿಲ್ಲ. ಚೀಲದಲ್ಲಿ, ರೊಟ್ಟಿಯ ಗಂಟಿನ ಅಡಿಯಲ್ಲಿ, ಅಜ್ಜಾರಿಗೆ ಕಾಣದಂತೆ ಅಡಗಿಸಿಟ್ಟಿದ್ದ ಫ್ಲಾಶ್ ತೆಗೆದು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ ಒತ್ತಿಯೇಬಿಟ್ಟಳು.

ಭಗ್ಗೆಂದು ಬೆಳಕು. ಮೈನಾ ಕಿರುಚಿ ಮುಂಗಾಲು ಎತ್ತಿದಳು. ಹಗ್ಗ ದಸ್ತಗೀರಸಾಬನ ಮುಂಗೈ ಕೊಯ್ದುಕೊಂಡು ಜಾರಿತು. ಅವನು ಮರಳಿನ ಮೇಲೆ ಬಿದ್ದ.

ಕೈ ಗೀರಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು, "ಇರ್ಲಿ ಬಿಡ್ರಿ ತಂಗಿ" ಎಂದ. ಆದರೆ ಮೈನಾ ದಂಡೆಯ ಮೇಲೆ ದೂರ ನಿಂತು ನಡುಗುತ್ತಿದ್ದಳು. ಅವಳನ್ನು ಸಮಾಧಾನ ಮಾಡಿ ಮನೆಗೆ ಕರೆದೊಯ್ಯುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು.

ಕಸ್ತೂರಿ ಕ್ಯಾಮೆರಾದ ಪರದೆಯಲ್ಲಿ ಫೋಟೊ ನೋಡಿದಳು. ಎಲ್ಲವೂ ಬೆಳ್ಳಗೆ ಬಂದಿತ್ತು. ದಸ್ತಗೀರಸಾಬನ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ಆ ಮುಖದಲ್ಲಿ ಇದ್ದದ್ದು ಬರೀ ಗಾಬರಿ.

ಅವಳು ತಲೆ ಮೇಲೆ ಕೈಹೊತ್ತು ಗುಡಿಸಲಿನ ಮೆಟ್ಟಿಲ ಮೇಲೆ ಕೂತಳು. ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಬೈರಿ ಅಜ್ಜಾರ."

"ಯಾತಕ್ಕ?"

"ಬೆಳಕು ಸಾಲಂಗಿಲ್ಲ ಅನಸ್ತ್ರಿ. ಅದಕ್ಕ ಹಂಗ ಮಾಡಿದೆ."

"ಯಾರಿಗೆ ಸಾಲಂಗಿಲ್ಲ ಅನಸ್ತು? ದಸ್ತಗೀರಗೋ, ನಿನಗೋ?"

ಕಸ್ತೂರಿ ಫ್ಲಾಶನ್ನು ಕ್ಯಾಮೆರಾದಿಂದ ಕಿತ್ತು ಚೀಲಕ್ಕೆ ತುರುಕಿದಳು. ಅಜ್ಜಾರು ಮಂಡಿ ಹಿಡಿದುಕೊಂಡು ಎದ್ದರು.

"ನಾಳಿ ಇನ್ನೊಂದು ಸಂಜಿ ಐತಿ" ಎಂದು ಒಳಗೆ ಹೋದರು.

ಮರುದಿನ ಸಂಜೆ ಕಸ್ತೂರಿ ಅಭ್ಯಾಸಬಲದಿಂದ ಧೋತರಕ್ಕೆ ಕೈಹಾಕಿದಳು. ಅದು ಅಲ್ಲಿರಲಿಲ್ಲ. ಅಜ್ಜಾರು ಆಗಲೇ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮರಳಿಗೆ ಇಳಿದಿದ್ದರು.

"ಅಜ್ಜಾರ, ನೀವ್ಯಾಕ್ರಿ? ನಾ ಹಿಡೀತೀನಿ."

"ಮೂರ ವರ್ಷ ನಿನ್ನ ಕೈ ನೋಯಿಸೇನಿ. ಒಂದ ಸಂಜಿ ನನ್ನವೂ ನೋಯಲಿ."

ದಸ್ತಗೀರಸಾಬ ಬಂದ. ಮೈನಾ ಬರಲಿಲ್ಲ. ದಂಡೆಯ ಮೇಲಿನ ಬೇವಿನ ಗಿಡದ ತನಕ ಬಂದವಳು ಕಸ್ತೂರಿಯ ಮೈವಾಸನೆ ಹಿಡಿದು ಕಿವಿ ಹಿಂದಕ್ಕೆ ಮಡಚಿ ನಿಂತುಬಿಟ್ಟಳು. ಹಗ್ಗ ಜಗ್ಗಿದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ.

"ಇವತ್ತ ಆಗೂದಿಲ್ಲ ಕಾಣಸ್ತೈತ್ರಿ" ಎಂದ ದಸ್ತಗೀರಸಾಬ. ಅವನ ದನಿ ಒಡೆದಿತ್ತು.

ಪಡುವಣದಲ್ಲಿ ಸೂರ್ಯ ಮುಳುಗಿಯಾಗಿತ್ತು. ಉಳಿದದ್ದು ಅರ್ಧ ತಾಸಿನ ಬೆಳಕು. ಕಸ್ತೂರಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಲ್ಲಿಯೇ ಬಿಟ್ಟಳು. ಬರಿಗೈಯಲ್ಲಿ ಬೇವಿನ ಗಿಡದ ಹತ್ತಿರ ಹೋಗಿ, ಮೈನಾಳಿಂದ ಹತ್ತು ಹೆಜ್ಜೆ ದೂರದಲ್ಲಿ ಮರಳಿನ ಮೇಲೆ ಕೂತಳು.

"ಏನ್ ಮಾಡಾಕತ್ತಿ?" ಅಜ್ಜಾರು ಕೆಳಗಿನಿಂದ ಕೇಳಿದರು.

"ಹೆದರಿಸಿದಾಕಿ ನಾನು. ಆಕಿ ಹೆದರಿಕಿ ಹೋಗೂ ತನಕಾ ಕೂಡ್ತೀನ್ರಿ."

"ಬೆಳಕು ಹೊಂಟೈತಿ."

"ಹೋಗಲಿ ಬಿಡ್ರಿ."

ಅಂದಳೇನೋ ನಿಜ. ಕಣ್ಣು ಮಾತ್ರ ಹೊಳೆಯ ಮೇಲೇ ಇತ್ತು. ನೀರಿನ ಮೇಲಿನ ಹೊಳಪು ಒಂದೊಂದು ಅಲೆಯಿಂದಲೂ ಆರಿಹೋಗುವುದು ಅವಳಿಗೆ ಕಾಣುತ್ತಿತ್ತು. ಆದರೂ ಏಳಲಿಲ್ಲ. ತನ್ನ ಅಪ್ಪನ ಕುದುರೆಯ ಮೂಗು ಕೂಡ ಹೀಗೇ ನಡುಗುತ್ತಿತ್ತು ಎಂಬುದು ಎಲ್ಲಿಂದಲೋ ನೆನಪಾಯಿತು. ಅದನ್ನು ಮುಟ್ಟಲು ಅಪ್ಪ ತನ್ನನ್ನು ಎತ್ತಿ ಹಿಡಿಯುತ್ತಿದ್ದದ್ದೂ ನೆನಪಾಯಿತು.

ಬಹಳ ಹೊತ್ತಾದ ಮೇಲೆ ಅವಳ ಕುತ್ತಿಗೆಗೆ ಬೆಚ್ಚನೆಯ ಉಸಿರು ತಾಕಿತು. ಮೈನಾ ಅವಳ ಕೂದಲು ಮೂಸಿದಳು, ಹೆಗಲು ಮೂಸಿದಳು. ಆಮೇಲೆ ಇನ್ನು ಇವಳ ಮೇಲೆ ಸಿಟ್ಟಿಲ್ಲ ಎನ್ನುವ ಹಾಗೆ ತಾನಾಗಿಯೇ ದಸ್ತಗೀರಸಾಬನ ಕಡೆಗೆ ಇಳಿದುಹೋದಳು.

ಕಸ್ತೂರಿ ಕ್ಯಾಮೆರಾದ ಹಿಂದೆ ಬಂದು ನಿಂತಾಗ ಬೆಳಕು ಎಷ್ಟು ಕಡಿಮೆಯಾಗಿತ್ತೆಂದರೆ ನಿಧಾನವಾಗಿ ನಾಲ್ಕು ಎಣಿಸುವ ತನಕ ಕ್ಯಾಮೆರಾದ ಕಣ್ಣು ತೆರೆದಿರಬೇಕಿತ್ತು. ಅಷ್ಟು ಹೊತ್ತು ಇಬ್ಬರೂ ಅಲುಗಬಾರದು. ಮನುಷ್ಯನಿಗೆ ಹೇಳಬಹುದು. ಕುದುರೆಗೆ ಹೇಳುವವರು ಯಾರು?

"ಚಾಚಾ," ಎಂದಳು. ಬೆಳಕಿನ ಕಡಿ ತಿರುಗ್ರಿ ಎನ್ನಲು ಬಾಯಿ ತೆರೆದಿದ್ದವಳು ಆ ಮಾತು ನುಂಗಿಕೊಂಡಳು. "ದಿನಾ ಸಂಜಿ ಮೈ ತೊಳದ ಮ್ಯಾಲೆ ಆಕಿಗೆ ಏನ ಹೇಳ್ತೀರಿ?"

ದಸ್ತಗೀರಸಾಬ ನಾಚಿದ. "ಏನಿಲ್ರಿ. ಸುಮ್ನ ಏನರ ಮಾತಾಡ್ತೀನಿ."

"ಅದನ್ನ ಹೇಳ್ರಿ."

ಅವನು ಬೆಳಕಿಗೆ ಬೆನ್ನು ಮಾಡಿ ಮೈನಾಳ ಕಡೆ ತಿರುಗಿದ. ಅವಳ ಕುತ್ತಿಗೆಯ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳತೊಡಗಿದ. ಮೈನಾಳ ಬಾಲ ನಿಂತಿತು. ಕಾಲು ಬದಲಿಸುವುದು ನಿಂತಿತು. ಅಜ್ಜಾರು ಎರಡು ಹೆಜ್ಜೆ ಸರಿದು ಧೋತರವನ್ನು ಚೂರು ಓರೆ ಮಾಡಿದರು. ಆಕಾಶದಲ್ಲಿ ಉಳಿದಿದ್ದ ಅಷ್ಟಿಷ್ಟು ಬೆಳಕು ಬಂದು ಅವನ ಕೆನ್ನೆಯ ಮೇಲೆ ಕೂತಿತು.

ಕಸ್ತೂರಿ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು.

ಅಷ್ಟೇ. ಇನ್ನೊಂದು ತೆಗೆಯಲು ಬೆಳಕಿರಲಿಲ್ಲ.

ಮೂವರೂ ಕ್ಯಾಮೆರಾದ ಸುತ್ತ ಬಗ್ಗಿ ನೋಡಿದರು. ಕುದುರೆಯ ಕುತ್ತಿಗೆ ಬಂದಿತ್ತು. ಅದರ ಮೇಲಿನ ಕೈ, ಹಗ್ಗ ಕೊಯ್ದ ಗಾಯ ಕೂಡ ಕಾಣುವ ಹಾಗೆ ಬಂದಿತ್ತು. ದಸ್ತಗೀರಸಾಬ ಮಾತಾಡುತ್ತಲೇ ಇದ್ದದ್ದರಿಂದ ಅವನ ಮುಖ ಮಾತ್ರ ಮಂಜುಮಂಜು.

"ಮುಖಾ ನೆಟ್ಟಗ ಬಂದಿಲ್ರಿ ಚಾಚಾ," ಎಂದಳು ಕಸ್ತೂರಿ. ಅವಳಿಗೆ ಅಳು ಬರುವುದರಲ್ಲಿತ್ತು.

ದಸ್ತಗೀರಸಾಬನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕ್ಯಾಮೆರಾಕ್ಕೆ ಇನ್ನಷ್ಟು ಬಗ್ಗಿದ.

"ನನ್ನ ಮುಖ ನನಗ್ಯಾಕ್ರಿ ತಂಗಿ? ಕನ್ನಡ್ಯಾಗ ದಿನಾ ಕಾಣ್ತೈತಿ. ಆಕಿ ಕಿವಿ ನೋಡ್ರಿ. ನನ್ನ ಕಡಿ ತಿರುಗ್ಯಾವ. ನಾ ಹೇಳಿದ್ದು ಕೇಳಾಕತ್ತಾಳ."

ಅವನು ಕಣ್ಣೊರೆಸಿಕೊಂಡು ನಕ್ಕ. ಮೈನಾಳ ಹಗ್ಗ ಹಿಡಿದು ಕುಂಟುತ್ತಾ ದಂಡೆ ಹತ್ತಿದ. ಅವರಿಬ್ಬರೂ ಬೇವಿನ ಗಿಡ ದಾಟುವ ತನಕ ಕಸ್ತೂರಿ ನೋಡುತ್ತಾ ನಿಂತಳು. ಆಮೇಲೆ ಸೀದಾ ಹೋಗಿ ಚೀಲದಿಂದ ಆ ಎರಡು ರಟ್ಟು ತೆಗೆದಳು.

"ಅಜ್ಜಾರ, ಅವರಿಗೆ ನೋಡಾಕ ಕಿವಿ ಅರ ಸಿಕ್ತು. ನಾ ಏನ ನೋಡ್ಲಿ? ಚಲೋ ಐತಿ ಅಂದ ಮ್ಯಾಲೆ ಮೂರ ವರ್ಷ ನೀವು ಒಂದ ಮಾತ ಹೇಳ್ಲಿಲ್ಲ."

ಅಜ್ಜಾರು ಧೋತರ ಮಡಚಿ ಹೆಗಲಿಗೆ ಹಾಕಿಕೊಂಡರು. ಫೋಟೊವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಕುದುರಿ ಮುಖ ಯಾವ ಕಡಿ ಐತಿ?"

ಆ ಮಬ್ಬಿನಲ್ಲಿ ನೋಡುವ ಅಗತ್ಯವೇ ಇರಲಿಲ್ಲ. ಅವಳಿಗೆ ಆ ಫೋಟೊ ಬಾಯಿಪಾಠ. "ಸೂರ್ಯನ ಕಡಿ."

"ನಿಮ್ಮಪ್ಪನ ಪಾದ?"

ಪಾದ? ಮೂವತ್ತು ವರ್ಷದಲ್ಲಿ ಅವಳು ಆ ಫೋಟೊದಲ್ಲಿ ಅಪ್ಪನ ಮುಖ ಹುಡುಕಿದ್ದಳೇ ಹೊರತು ಪಾದ ನೋಡಿರಲಿಲ್ಲ. ಫೋಟೊವನ್ನು ಕಣ್ಣಿಗೆ ಹತ್ತಿರ ತಂದಳು. ಅಪ್ಪನ ಬರಿಗಾಲು ಎರಡೂ ಕುದುರೆಯ ಕಾಲಿನ ಪಕ್ಕ, ಹೊಳೆಯ ಕಡೆ ತಿರುಗಿದ್ದವು.

"ಅವೂ ಸೂರ್ಯನ ಕಡೀನ ಅದಾವ್ರಿ," ಎಂದಳು ಮೆಲ್ಲಗೆ. "ಕುತ್ತಿಗಿ ಅಷ್ಟ ಈ ಕಡಿ ಹೊರಳೇತಿ."

"ಫೋಟೊ ತೆಗಿಯೂ ಹೊತ್ತಿನ್ಯಾಗ ನೀ ಎಲ್ಲಿದ್ದಿ?"

ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕಸ್ತೂರಿ ಕಣ್ಣು ಮುಚ್ಚಿದಳು. ಕಾಲಿನ ಕೆಳಗೆ ಬಿಸಿ ಮರಳು. ಮುಂದೆ ಫೋಟೊದವನ ಬೆನ್ನು. ಅಪ್ಪ ಕಾಣದೆ ಗಾಬರಿಯಾಗಿ ಕೂಗಿದ್ದ ಒಂದು ಸಣ್ಣ ದನಿ.

"ಫೋಟೊದಾವನ ಹಿಂದ ನಿಂತಿದ್ನಿರಿ," ಎಂದಳು. "ಅಪ್ಪಾ ಅಂತ ಕೂಗಿದ್ದೆ."

ಅಜ್ಜಾರು ಅವಳ ತಲೆಯ ಮೇಲೆ ಕೈಯಿಟ್ಟರು.

"ಬೆಳಕಿನ ಕಡಿ ತಿರುಗು ಅಂತ ಫೋಟೊದಾವ ಹೇಳಿರ್ತಾನ, ತಂಗಿ. ನಿಮ್ಮಪ್ಪ ನಿನ್ನ ಕಡಿ ತಿರುಗ್ಯಾನ."